ಬಾದಾಮಿ ಅತ್ತೆಯ ಕಿಂಡಿ

ಫೋನು ಬಂದ ಹೊತ್ತಿಗೆ ಕತ್ತರಿ ಮಾವ ಅಂಚೆಯಣ್ಣನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದ. ಬೆಳಗಿನ ಬಿಸಿಲು ಗಾಜಿನ ಬಾಗಿಲಿನಿಂದ ಒಳಗೆ ಬಂದು ನೆಲದ ಮೇಲಿನ ಕೂದಲ ಚೂರುಗಳ ಮೇಲೆ ಬಿದ್ದಿತ್ತು. ಕತ್ತಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಾವ ಫೋನನ್ನು ಕಿವಿಗಿಟ್ಟುಕೊಂಡ. ಆಚೆಯಿಂದ ಮಾತನಾಡಿದವರು ಪಕ್ಕದೂರಿನ ಸಗಟು ಅಂಗಡಿಯವರು. ಮಾವನ ಹೆಂಡತಿ ಹೊಸ ಬೆಳೆಯ ಬಾದಾಮಿ ಆರಿಸಿ ತರಲು ಅಂದು ಮೊದಲ ಬಸ್ಸಿಗೇ ಅಲ್ಲಿಗೆ ಹೋಗಿದ್ದಳು. ಚೀಲಗಳ ನಡುವೆ ಸ್ಟೂಲು ಹಾಕಿಕೊಂಡು ಕೂತು, "ಈ ಚೀಲ ಬೇಡ, ಆ ಚೀಲ ಬಿಚ್ಚಿ" ಎಂದವಳು ಹಾಗೆಯೇ ಗೋಡೆಗೆ ಒರಗಿದಳಂತೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

ಮಾವ "ಆಗಲಿ" ಎಂದು ಫೋನು ಇಟ್ಟ. ಏನಾಗಲಿ ಎಂದನೋ ಅವನಿಗೇ ತಿಳಿಯಲಿಲ್ಲ.

"ಯಾರದು?" ಎಂದ ಅಂಚೆಯಣ್ಣ.

"ಅವಳು ಹೋದಳಂತೆ."

ಅಂಚೆಯಣ್ಣ ಕೊರಳಿನ ಬಟ್ಟೆಯ ಸಮೇತ ಎದ್ದು ನಿಂತ. ಮಾವ ಅವನ ಭುಜವನ್ನು ಒತ್ತಿ ಕೂರಿಸಿದ. "ಕೂತ್ಕೋ. ಅರ್ಧ ಗಡ್ಡದಲ್ಲಿ ನಿನ್ನನ್ನ ಬೀದಿಗೆ ಕಳಿಸಿದೆ ಅಂದ್ರೆ ಅವಳು ನನ್ನನ್ನ ಸುಮ್ನೆ ಬಿಡ್ತಾಳಾ?"

ಉಳಿದರ್ಧವನ್ನು ಅವನು ಎಂದಿನಂತೆ ನಯವಾಗಿ ತೆಗೆದ. ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದ. ಕತ್ತಿ ತೊಳೆದು ಇಟ್ಟ. ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತ, ಮತ್ತೆ ಏಳಲು ಅವನಿಂದಾಗಲಿಲ್ಲ. "ಅವನ ಕೈ ಒಂದು ಚೂರೂ ನಡುಗಲಿಲ್ಲ, ನಡುಗಿದ್ದೆಲ್ಲಾ ನನ್ನ ಗಲ್ಲವೇ" ಎಂದು ಅಂಚೆಯಣ್ಣ ಆ ಮೇಲೆ ಬೀದಿಗೆಲ್ಲಾ ಹೇಳಿಕೊಂಡು ಬಂದ.

ಬೀದಿಯವರಿಗೆ ಅವಳು ಬಾದಾಮಿ ಅತ್ತೆ. ಒಂದೇ ಸೂರಿನ ಕೆಳಗೆ ಗಂಡ ಹೆಂಡತಿಯ ಎರಡು ಅಂಗಡಿಗಳು, ಎರಡು ಶಟರುಗಳು, ನಡುವೆ ಒಂದು ಗೋಡೆ. ಈಚೆ ಮಾವನ ಕ್ಷೌರದ ಅಂಗಡಿ. ಆಚೆ ಅತ್ತೆಯ ಬೀಜದ ಅಂಗಡಿ. ಬಾದಾಮಿ, ಅಕ್ರೋಟು, ಗೋಡಂಬಿ, ಪಿಸ್ತಾ, ಕಡಲೆಕಾಯಿ, ಎಲ್ಲ ಅಲ್ಲಿ ಸಿಗುತ್ತಿದ್ದವು. ಗೋಡೆಯಲ್ಲಿ ಒಂದು ಕಿಂಡಿ. ಮಾವನಿಗೆ ತಲೆಗೆ ತಿಕ್ಕುವ ಎಣ್ಣೆ ಬೇಕಾದಾಗ ಅವನು ಹಿತ್ತಾಳೆಯ ಬೋಗುಣಿಯನ್ನು ಕಿಂಡಿಯಲ್ಲಿಟ್ಟು ಬಾಚಣಿಗೆಯಿಂದ ಟಣ್ ಎಂದು ಬಡಿಯುವನು. ಅತ್ತೆ ಬಂದು ಎದುರು ನಿಲ್ಲುವಳು. ಕಿಂಡಿಯ ಆಚೆ ಅವಳ ಹಲಗೆಯ ಮೇಲೆ ಒಂದೇ ಅಚ್ಚಿನ ಎರಡು ತಗಡಿನ ಡಬ್ಬಗಳು. ಒಂದರಲ್ಲಿ ತಿನ್ನುವವರಿಗೆಂದು ಹುರಿದ ಬಾದಾಮಿ, ಇನ್ನೊಂದರಲ್ಲಿ ಎಣ್ಣೆಗೆಂದು ಹಸಿ ಬಾದಾಮಿ. ಅವಳು ಹಸಿಯದರಿಂದ ಬೋಗುಣಿ ತುಂಬುವಳು. ಮಾವ ತನ್ನ ಕಡೆಯ ಮೂಲೆಯಲ್ಲಿದ್ದ ಪುಟ್ಟ ಕೈಗಾಣಕ್ಕೆ ಅದನ್ನು ಸುರಿದು ತಿರುಗಿಸುವನು. ಮದುವೆಯಾದ ಹೊಸದರಲ್ಲಿ ಶುರುವಾದ ಪದ್ಧತಿ ಅದು. ಅವನು ಆಚೆ ಹೋದವನಲ್ಲ, ಅವಳು ಈಚೆ ಬಂದವಳಲ್ಲ. "ಇಬ್ಬರೂ ಒಂದೇ ಕಡೆ ಇದ್ರೆ ಒಂದು ಅಂಗಡಿಯೂ ಉಳಿಯಲ್ಲ" ಎಂದು ಅವಳು ನಗುತ್ತಿದ್ದಳು.

ಬೋಗುಣಿ ತುಂಬುವ ಮುಂಚೆ ಅವಳು ಡಬ್ಬದಿಂದ ಒಂದು ಬಾದಾಮಿ ತೆಗೆದು ಅರ್ಧ ಕಚ್ಚಿ ನೋಡುವಳು. ಕಮಟು ಹಿಡಿದಿದ್ದರೆ ಅವಳ ಹುಬ್ಬು ಗಂಟಿಕ್ಕುವುದು, ಆ ಡಬ್ಬದ ಬೀಜವೆಲ್ಲ ತಿಪ್ಪೆಗೆ ಹೋಗುವುದು. ಚೆನ್ನಾಗಿದ್ದರೆ ಉಳಿದರ್ಧವನ್ನು ರಾಶಿಯ ಮೇಲೆ ಇಟ್ಟು ಬೋಗುಣಿಯನ್ನು ಈಚೆಗೆ ತಳ್ಳುವಳು. ಆ ಅರ್ಧ ಗಂಡನಿಗೆ. "ಗಾಣಕ್ಕಲ್ಲ, ಬಾಯಿಗೆ" ಎಂದು ನೆನಪಿಸುವುದನ್ನು ಒಂದು ದಿನವೂ ಬಿಡಲಿಲ್ಲ.

ಇದರ ಮೇಲೆಯೇ ಅವರ ಜೀವನದ ದೊಡ್ಡ ಜಗಳ. ಬೀಜ ತಿಂದರೆ ಕೂದಲು, ಚರ್ಮ ತಾನಾಗಿ ಸರಿಹೋಗುತ್ತದೆ ಎಂದು ಅತ್ತೆ. ತಿಂದದ್ದು ಎಲ್ಲಿಗೆ ಹೋಗುತ್ತದೋ ಯಾರು ಕಂಡವರು, ಎಣ್ಣೆ ಹಚ್ಚಿ ತಿಕ್ಕಿದರೆ ಕಣ್ಣೆದುರಿಗೇ ಫಲ ಎಂದು ಮಾವ.

"ಈ ವಯಸ್ಸಲ್ಲೂ ನಿಮ್ಮ ತಲೆ ತುಂಬ ಕೂದಲಿದ್ಯಲ್ಲ, ಅದು ಯಾರ ಪುಣ್ಯ?" ಎಂದು ಅವಳು ಕಿಂಡಿಯಿಂದ ಕೇಳುವಳು.

"ನನ್ನ ಎಣ್ಣೆಯದು."

"ಅಂಚೆಯಣ್ಣನಿಗೂ ಅದೇ ಎಣ್ಣೆ ತಾನೇ ತಿಕ್ಕೋದು? ಅಲ್ಲೇನಿದೆ, ಬಟಾಬಯಲು."

"ನನ್ನ ತಲೆ ಸುದ್ದಿ ಯಾಕಮ್ಮಾ ಮಧ್ಯೆ" ಎಂದು ಕುರ್ಚಿಯಿಂದ ಅಂಚೆಯಣ್ಣ.

"ಇರೋ ಕೂದಲನ್ನ ಎಣ್ಣೆ ಚೆನ್ನಾಗಿಡುತ್ತೆ ಅಣ್ಣಾ. ಇಲ್ಲದ್ದನ್ನ ಎಬ್ಬಿಸೋಕೆ ದೇವರೇ ಬರಬೇಕು. ನಿಮಗೆ ಸದ್ಯಕ್ಕೆ ಹೊಳಪು ಬಂದಿದೆ, ಸಂತೋಷಪಡಿ" ಎಂದು ಕಿಂಡಿಯಿಂದ ಅತ್ತೆ.

ಅವಳ ಅಂಗಡಿಗೆ ಹೊಸಬರು ಬಂದರೆ ತೂಕದ ಮಾತಿಗಿಂತ ಮುಂಚೆ ಬೇರೆ ಮಾತು. ಬ್ಯಾಂಕಿನ ಮೇಡಂ ಮೊದಲ ಸಲ ಬಂದು, ಬಾಚಿದಾಗಲೆಲ್ಲ ಹಿಡಿ ಕೂದಲು ಬರುತ್ತದೆ, ಕೈ ಬಿರುಕು ಬಿಟ್ಟಿದೆ ಎಂದು ಅಳು ಮುಖ ಮಾಡಿದಾಗ ಅತ್ತೆ ಕೇಳಿದ್ದು, "ಬೀಜ ತಿಂದ್ರೆ ಮೈ ತುರಿಸುತ್ತಾ? ತುಟಿ ಊದುತ್ತಾ?"

"ಇಲ್ಲ."

"ಹಾಗಾದ್ರೆ ಕೈ ಚಾಚಮ್ಮ." ಅಂಗೈಯಲ್ಲಿ ಒಂದಿಷ್ಟು ಬಾದಾಮಿ, ಎರಡು ಹೋಳು ಅಕ್ರೋಟು ಹಾಕಿ, "ಈಗ ಮುಷ್ಟಿ ಮುಚ್ಚು. ಮುಚ್ಚಿತಲ್ಲ? ದಿನಕ್ಕೆ ಇಷ್ಟೇ. ಮುಚ್ಚದಷ್ಟು ತಗೊಂಡ್ರೆ ಅದು ಕೂದಲಿಗೆ ಹೋಗಲ್ಲ, ಸೊಂಟಕ್ಕೆ ಹೋಗುತ್ತೆ. ಬಾದಾಮಿ ರಾತ್ರಿ ನೆನೆಸಿಡು. ಕೈಗೆ ಒಂದು ತೊಟ್ಟು ಎಣ್ಣೆ ಹಚ್ಚು. ಇವತ್ತು ತಿಂದು ನಾಳೆ ಕನ್ನಡಿ ಮುಂದೆ ನಿಲ್ಲಬೇಡ, ಕೂದಲು ನಿಧಾನದ ಪ್ರಾಣಿ. ಅಷ್ಟಾದ್ರೂ ನಿಲ್ಲದೆ ಉದುರ್ತಿದ್ರೆ ಡಾಕ್ಟರಿಗೆ ತೋರಿಸು, ನನ್ನ ಹತ್ರ ಬರಬೇಡ."

ಬಾದಾಮಿಯನ್ನು ಹಾಲಿನಲ್ಲಿ ಅರೆದು ಮುಖಕ್ಕೆ ಹಚ್ಚಬೇಕೆನ್ನುವವರಿಗೂ ಅವಳು ಹಾಗೆಯೇ. ಮೊದಲು ಮಣಿಕಟ್ಟಿಗೆ ಹಚ್ಚಿ ಒಂದು ದಿನ ಕಾಯಿರಿ ಎನ್ನುವಳು. ಇಷ್ಟೆಲ್ಲ ಹೇಳಿದ ಮೇಲೆ ಗಿರಾಕಿ ಬೇಡವೆಂದು ಹೋದರೂ ಅವಳಿಗೆ ಬೇಸರವಿರಲಿಲ್ಲ.

ಮಾವನಿಗೆ ಅವಳಲ್ಲಿ ಅರ್ಥವಾಗದಿದ್ದ ಸಂಗತಿ ಒಂದೇ. ಅವನು ದಿನವಿಡೀ ಕೆಲಸ ಮಾಡುತ್ತಿದ್ದುದು ಕಿಂಡಿಗೆ ಬೆನ್ನು ಹಾಕಿ, ಗಿರಾಕಿಯ ತಲೆಯಿಂದ ಕಣ್ಣೆತ್ತದೆ. ಆದರೂ ಅವನ ಮನಸ್ಸಿಗೆ ಕಿರಿಕಿರಿಯಾದ ಮರುಗಳಿಗೆಯಲ್ಲಿ ಕಿಂಡಿಯಿಂದ ದನಿ ಬರುವುದು: "ರೀ, ಯಾಕೆ ಮುಖ ಊದಿಸ್ಕೊಂಡಿದ್ದೀರಿ?" ತಲೆನೋವು ಬಂದರೆ, ಅವನು ಬಾಯಿ ಬಿಡುವ ಮೊದಲೇ ಚಹಾ ಕಿಂಡಿಯಲ್ಲಿರುವುದು. ಬೆನ್ನು ನೋಡಿ ಮುಖ ಓದುವ ವಿದ್ಯೆ ಹೆಂಡತಿಯರಿಗೆ ದೇವರು ಕೊಟ್ಟಿರುತ್ತಾನೆ ಎಂದು ಅವನು ನಂಬಿಬಿಟ್ಟಿದ್ದ.

ಅವಳನ್ನು ಮಣ್ಣಿಗೆ ಒಪ್ಪಿಸಿ ಬಂದ ಮೇಲೆ ಮಾವ ತನ್ನ ಶಟರನ್ನು ಎತ್ತಿದ, ಅವಳದನ್ನು ಎತ್ತಲಿಲ್ಲ. ಕಿಂಡಿಗೆ ಒಂದು ಟವೆಲು ನೇತುಹಾಕಿದ. ಅಳುವನ್ನು ಗಿರಾಕಿಗಳಿಗೆ ತೋರಿಸುವವನಲ್ಲ. ಮನೆಯಲ್ಲಿ ಒಬ್ಬನೇ ಅತ್ತೂ ಅತ್ತೂ ಮೂಗು ಕಟ್ಟಿಕೊಂಡು ಬರುವನು. ಕೇಳಿದವರಿಗೆ ನೆಗಡಿ ಎನ್ನುವನು. ಇಂಥ ನೆಗಡಿಗೆ ಔಷಧವಿಲ್ಲವೆಂದು ತಿಳಿದವರು ಸುಮ್ಮನಿರುವರು.

ಅವರ ಒಬ್ಬಳೇ ಮಗಳು ಅದೇ ಬೀದಿಯ ಕೊನೆಯಲ್ಲಿ ಗಂಡನ ಮನೆಯಲ್ಲಿದ್ದಳು. ಬೆಳಗಿನ ಹೊತ್ತು ತಾಯಿಯ ಜೊತೆ ಬೀಜ ಹಸನು ಮಾಡಲು ಬರುತ್ತಿದ್ದವಳು ಅವಳೇ. ಒಂದು ದಿನ ಬಂದು ತಂದೆಯ ಮುಂದೆ ನಿಂತಳು.

"ಅಪ್ಪ, ಬೀಗದಕೈ ಕೊಡು. ಅಮ್ಮನ ಅಂಗಡಿ ನಾನು ನಡೆಸ್ತೀನಿ."

"ಬೇಡ."

"ಯಾಕೆ ಬೇಡ? ಈ ಸೆಕೆಗೆ ಶಟರು ಮುಚ್ಚಿಟ್ರೆ ಬೀಜವೆಲ್ಲಾ ಕಮಟು ಹಿಡಿಯುತ್ತೆ."

"ಹಿಡೀಲಿ. ಅವಳು ನಿಂತ ಜಾಗದಲ್ಲಿ ಇನ್ನೊಬ್ಬರು ನಿಲ್ಲೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಇನ್ನೊಬ್ಬರು ಅಂದ್ರೆ ನಾನಾ?"

ಮಾವ ಬಾಚಣಿಗೆಗಳನ್ನು ತೊಳೆಯತೊಡಗಿದ. ತೊಳೆದಿದ್ದನ್ನೇ ಮತ್ತೆ ತೊಳೆದ.

"ನಿನಗೆ ಹೆಂಡತಿ ಹೋದಳು, ಸರಿ. ನನಗೂ ಅಮ್ಮ ಹೋಗಿದ್ದಾಳಲ್ಲ" ಎಂದಳು ಮಗಳು. "ನಿನಗೆ ಬಂದು ಕೂರೋಕೆ ಈ ಕುರ್ಚಿ ಇದೆ, ಗಿರಾಕಿಗಳಿದ್ದಾರೆ. ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಹೇಳು."

ಮಾವ ಇನ್ನೊಂದು ಬಾಚಣಿಗೆ ಎತ್ತಿಕೊಂಡ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಅಂದಿನಿಂದ ಅಂಗಡಿಯ ಮುಂದೆ ಹಾದುಹೋಗುವಾಗ ಎದುರುಗಡೆಯ ಪಕ್ಕದಿಂದಲೇ ನಡೆಯುವಳು.

ಅಷ್ಟರಲ್ಲಿ ಎಣ್ಣೆ ಮುಗಿಯಿತು. ಸೀಸೆಯನ್ನು ಬೋರಲು ಹಾಕಿ ಅದರ ಕೊನೆಯ ಹನಿಯನ್ನೂ ಒಬ್ಬ ಲಾರಿ ಡ್ರೈವರನ ನೆತ್ತಿಗೆ ತಿಕ್ಕಿದ ಮೇಲೆ ಮಾವ ಯೋಚನೆಗೆ ಬಿದ್ದ. ಬೇರೆ ಕಡೆಯಿಂದ ಎಣ್ಣೆ ತರುವುದೆಂದರೆ ಅವಳಿಗೆ ಅವಮಾನ. ಮಗಳನ್ನು ಕೇಳುವುದೆಂದರೆ ತಾನು ಆಡಿದ ಮಾತನ್ನು ತಾನೇ ನುಂಗಬೇಕು. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತು ನೋಡಿ ಅವನು ಆಚೆಯ ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ, ಕಳ್ಳನಂತೆ ನುಸುಳಿದ. ದೀಪ ಹಾಕಲಿಲ್ಲ. ಕಣ್ಣೆತ್ತಿ ನೋಡಿದರೆ ಅವಳ ಸ್ಟೂಲು, ಅವಳ ತಕ್ಕಡಿ, ಮೊಳೆಗೆ ತಗುಲಿಸಿದ ಅವಳ ಕನ್ನಡಕ ಎಲ್ಲ ಕಾಣುವುವೆಂದು ತಲೆ ತಗ್ಗಿಸಿಯೇ ಹೋಗಿ ಹಲಗೆಯ ಬಳಿ ಕಿಂಡಿಗೆ ಎದುರಾಗಿ ನಿಂತ. ಹಸಿ ಬಾದಾಮಿ ಎಡಗಡೆಯ ಡಬ್ಬದಲ್ಲಿ. ಅದರಲ್ಲಿ ಸಂಶಯವೇ ಇರಲಿಲ್ಲ. ಜೀವಮಾನವಿಡೀ ಅವಳ ಕೈ ಎಡಗಡೆಯ ಡಬ್ಬಕ್ಕೆ ಹೋಗುವುದನ್ನೇ ನೋಡಿದವನು ಅವನು. ತಡಕಿ ಮುಚ್ಚಳ ತೆಗೆದ, ಬೋಗುಣಿ ತುಂಬಿಕೊಂಡ, ಬಂದ ಹಾಗೆಯೇ ಹೊರಬಿದ್ದ.

ಗಾಣ ತಿರುಗಿಸುವಾಗ ಎಣ್ಣೆ ಕೊಂಚ ಕೆಂಪಗೆ ಇಳಿಯಿತು. ಬೀಜ ಹಳೆಯದಾಗಿರಬೇಕೆಂದುಕೊಂಡ. ಮೂಗು ಕಟ್ಟಿದ್ದರಿಂದ ವಾಸನೆಯಂತೂ ತಿಳಿಯಲಿಲ್ಲ.

ಮರುದಿನ ಮೊದಲು ಬಂದವನು ಅಂಚೆಯಣ್ಣ. ಮಾವ ಅವನ ನುಣ್ಣನೆಯ ತಲೆಗೆ ಎಣ್ಣೆ ಹಾಕಿ ಮನಸ್ಸಿಟ್ಟು ತಿಕ್ಕಿದ. ಅಂಚೆಯಣ್ಣ ಎರಡು ಸಲ ಮೂಗರಳಿಸಿ, "ಪಕ್ಕದಲ್ಲಿ ಯಾರೋ ಏನೋ ಹುರೀತಿದ್ದಾರಲ್ಲ" ಎಂದ. ದುಃಖದಲ್ಲಿರುವವನನ್ನು ಹೆಚ್ಚು ಕೇಳಬಾರದೆಂದು ಅಷ್ಟಕ್ಕೇ ಬಿಟ್ಟ. ಅವನ ಹಿಂದೆ ಬ್ಯಾಂಕಿನ ಮೇಡಂ ಬಂದು, ಮೊದಲಿನ ಹಾಗೆ ಒಂದು ಸೀಸೆ ತುಂಬಿಸಿಕೊಂಡು, ಅಲ್ಲೇ ಅಂಗೈಗೆ, ಜಡೆಗೆ ಹಚ್ಚಿಕೊಂಡು ಹೋದಳು. ಆಮೇಲೆ ಲಾರಿ ಡ್ರೈವರ, ಆಮೇಲೆ ಶಾಲೆಯ ಕಾವಲುಗಾರ.

ಮಧ್ಯಾಹ್ನದ ಹೊತ್ತಿಗೆ ದೂರುಗಳು ಬರತೊಡಗಿದವು. ಮೊದಲು ಅಂಚೆಯಣ್ಣ, ಸೈಕಲ್ಲನ್ನು ತಳ್ಳಿಕೊಂಡು. ಅವನ ಹಿಂದೆ ಬಾಲವಾಡಿಸುತ್ತಾ ಬೀದಿನಾಯಿಗಳ ದಂಡು.

"ಏನಪ್ಪಾ ತಿಕ್ಕಿದ್ದೀಯ ನನ್ನ ತಲೆಗೆ? ಇಷ್ಟು ವರ್ಷ ನನ್ನನ್ನ ಕಂಡ್ರೆ ಕಚ್ಚೋಕೆ ಬರ್ತಿದ್ದ ನಾಯಿಗಳು ಇವತ್ತು ನೆಕ್ಕೋಕೆ ಬರ್ತಿವೆ."

"ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು? ಊಟಕ್ಕೆ ಮನೆಗೆ ಹೋದ್ರೆ ನನ್ನ ಹೆಂಡತಿ, ನನ್ನ ಬಿಟ್ಟು ಎಲ್ಲೋ ಚೆನ್ನಾಗಿ ತಿಂದ್ಕೊಂಡು ಬಂದಿದ್ದೀರಿ ಅಂತ ತಟ್ಟೆ ಎತ್ತಿಟ್ಟಳು. ಹಸ್ಕೊಂಡು ಕಾಗದ ಹಂಚ್ತಿದ್ದೀನಿ."

ಬ್ಯಾಂಕಿನ ಮೇಡಂ ನಗುತ್ತಲೇ ಬಂದಳು. ಅವಳ ಕೌಂಟರಿನ ಮುಂದೆ ನಿಂತವರಿಗೆಲ್ಲ ಹಸಿವಾಗಿ ಸಾಲು ಕರಗಿತ್ತಂತೆ. ಮ್ಯಾನೇಜರು ಎಲ್ಲರ ಮೇಜಿನ ಖಾನೆ ಎಳೆಸಿ, ತಿಂಡಿ ಎಲ್ಲಿ ಅಡಗಿಸಿದ್ದೀರಿ ಎಂದು ಹುಡುಕಿಸಿದನಂತೆ. "ಕೊನೆಗೆ ಅದು ನನ್ನ ಜಡೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು ಮಾವ. ಆದ್ರೆ ಕೈಗೆ ಮಾತ್ರ ಚೆನ್ನಾಗಿದೆ, ಮೆತ್ತಗಾಗಿದೆ" ಎಂದು ಸಮಾಧಾನವನ್ನೂ ಹೇಳಿದಳು. ಶಾಲೆಯ ಕಾವಲುಗಾರ ಮರದಡಿ ತೂಕಡಿಸುತ್ತಿದ್ದಾಗ ಅಳಿಲೊಂದು ಅವನ ತಲೆಯ ಮೇಲೆ ಇಳಿದು ಕೂದಲು ಕೆದಕಿತೆಂಬ ಸುದ್ದಿಯೂ ಬಂತು.

ಮಾವನಿಗೆ ಒಂದೂ ತಿಳಿಯಲಿಲ್ಲ. ಅವಳಿಲ್ಲದ ಮೇಲೆ ಬೀಜಕ್ಕೂ ಬುದ್ಧಿ ಕೆಟ್ಟಿತೇ ಎಂದುಕೊಂಡ. ನಗುವವರ ನಡುವೆ ಅವನೊಬ್ಬನೇ ಬೋಗುಣಿ ಹಿಡಿದು ನಿಂತಿದ್ದ. ಈ ಅಂಗಡಿಯ ಎಣ್ಣೆಗೆ ಒಮ್ಮೆಯೂ ಹೆಸರು ಕೆಟ್ಟಿರಲಿಲ್ಲ. ಅವಳು ಹೋದ ಮೇಲೆ ತನ್ನ ಕೈಯಿಂದ ಕೆಟ್ಟಿತಲ್ಲ ಎಂದು ಮರುಗಿದ.

ಎದುರುಗಡೆಯ ಪಕ್ಕದಲ್ಲಿ ಮಗಳು ಹೋಗುತ್ತಿದ್ದಳು. ನಾಯಿಗಳನ್ನು, ಅಂಚೆಯಣ್ಣನನ್ನು, ಅಪ್ಪನ ಮುಖವನ್ನು ನೋಡಿ ರಸ್ತೆ ದಾಟಿ ಬಂದಳು. ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದಳು. ಅಂಚೆಯಣ್ಣನ ತಲೆಯನ್ನು ಹತ್ತಿರದಿಂದ ಮೂಸಿದಳು. ಆಮೇಲೆ ಬೆಂಚಿನ ಮೇಲೆ ಕುಸಿದು ನಗತೊಡಗಿದಳು. ತಾಯಿ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆ ನೀರು ನಗುವಿನದೋ ಬೇರೆಯದೋ ಅವಳಿಗೇ ತಿಳಿಯದಾಯಿತು.

"ಅಪ್ಪ, ನೀನು ಹುರಿದ ಬಾದಾಮಿ ಹಿಂಡಿದ್ದೀಯ."

"ಇಲ್ಲ. ಎಡಗಡೆ ಡಬ್ಬದ್ದೇ ತೆಗೆದೆ. ನಿನ್ನಮ್ಮ ಯಾವಾಗ್ಲೂ ಎಡಗಡೆಯದ್ದಕ್ಕೇ ಕೈ ಹಾಕ್ತಿದ್ದಳು."

"ಅದು ನಿನ್ನ ಎಡ ಅಪ್ಪ. ಕಿಂಡಿ ಈಚೆ ನಿಂತು ನೋಡಿದ ಎಡ. ಅಮ್ಮ ನಿನ್ನ ಎದುರಿಗೆ ನಿಂತಿರ್ತಿದ್ದಳಲ್ಲ, ಅವಳಿಗೆ ಅದು ಬಲ."

ಮಾವ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಅಂಚೆಯಣ್ಣ ಮೊದಲು ನಕ್ಕ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ಕೊನೆಗೆ ಮಾವನೂ ನಕ್ಕುಬಿಟ್ಟ.

"ಇಷ್ಟು ವರ್ಷ ಸಂಸಾರ ಮಾಡಿ, ಒಂದು ಸಲವೂ ಆಚೆ ಹೋಗಿ ನೋಡಲಿಲ್ಲ ನಾನು" ಎಂದ, ನಗು ಇಳಿದ ಮೇಲೆ.

"ಈಗ ಬಾ, ನೋಡು" ಎಂದಳು ಮಗಳು.

ಅವನು ಜೇಬಿನಿಂದ ಬೀಗದಕೈ ತೆಗೆದ. ಕೊಡಲಿಲ್ಲ, ತಾನೇ ಹೋಗಿ ಶಟರನ್ನು ತಲೆಯೆತ್ತರಕ್ಕೆ ಎತ್ತಿದ. ಬೆಳಕು ಒಳಗೆ ನುಗ್ಗಿತು. ಸ್ಟೂಲು, ತಕ್ಕಡಿ, ಮೊಳೆಯ ಮೇಲಿನ ಕನ್ನಡಕ, ಎಲ್ಲವೂ ಇದ್ದಲ್ಲೇ ಇದ್ದವು. ಈ ಸಲ ಅವನು ತಲೆ ತಗ್ಗಿಸಲಿಲ್ಲ. ಅವಳು ನಿಲ್ಲುತ್ತಿದ್ದ ಕಡೆ, ಹಲಗೆಯ ಹಿಂದೆ, ಹೋಗಿ ನಿಂತ. ಮಗಳು ಕೈ ಚಾಚಿ ಕಿಂಡಿಯ ಟವೆಲನ್ನು ಸರಿಸಿದಳು.

ಕಿಂಡಿಯಲ್ಲಿ ಅವನ ಅಂಗಡಿ ಕಾಣಿಸಿತು. ಅವನ ಕುರ್ಚಿಯ ಬೆನ್ನು ಕಾಣಿಸಿತು. ಅದರಾಚೆ ದೊಡ್ಡ ಕನ್ನಡಿ. ಅಂಚೆಯಣ್ಣ ಅಲ್ಲಿ, ಮಾವ ದಿನವೂ ನಿಲ್ಲುತ್ತಿದ್ದ ಜಾಗದಲ್ಲಿ, ಈಚೆಗೆ ಬೆನ್ನು ಮಾಡಿ ನಿಂತು ತನ್ನ ತಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನ ಬೆನ್ನು ಕಾಣುತ್ತಿತ್ತು. ಕನ್ನಡಿಯಲ್ಲಿ ಅವನ ಮುಖವೂ ಕಾಣುತ್ತಿತ್ತು, ಹುಬ್ಬಿನಿಂದ ಗಲ್ಲದವರೆಗೆ, ಸ್ಪಷ್ಟವಾಗಿ.

ಮಾವ ಬಗ್ಗಿ ಕಿಂಡಿಗೆ ಮುಖ ತಂದು ನೋಡಿದ.

"ಏನಪ್ಪ?"

"ಇಲ್ಲಿಂದ ನೋಡ್ತಿದ್ದಳು" ಎಂದ. "ನಾನು ಏನೋ ವಿದ್ಯೆ ಅಂದ್ಕೊಂಡಿದ್ದೆ. ಬರೀ ನೋಡ್ತಿದ್ದಳು."

"ದಿನವೆಲ್ಲಾ ನೋಡ್ತಿದ್ದಳು" ಎಂದಳು ಮಗಳು. "ಬೀಜ ತೂಗೋವಾಗ ಗಿರಾಕಿ ಕಡೆ ಒಂದು ಕಣ್ಣು, ಇತ್ತ ಒಂದು ಕಣ್ಣು. ನಿನಗೆ ಗೊತ್ತಿದೆ ಅಂತಲೇ ನಾನು ತಿಳಿದಿದ್ದೆ."

ಮಾವ ಹಲಗೆಯ ಮೇಲೆ ಕೈಯೂರಿ ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಬೀಗದಕೈಯನ್ನು ಎರಡು ಡಬ್ಬಗಳ ನಡುವೆ ಇಟ್ಟ.

"ಈ ಜಾಗ ಖಾಲಿ ಇದ್ರೆ ನನ್ನ ಮುಖ ನೋಡೋರು ಯಾರು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅಂದೆಯಲ್ಲ, ಇಲ್ಲಿಗೆ ಬಾ."

ಅವಳು ಸೆರಗು ಸಿಕ್ಕಿಸಿಕೊಂಡು ಎರಡೂ ಡಬ್ಬಗಳ ಮುಚ್ಚಳ ತೆಗೆದಳು. ಮಾವ ಹೊರಗಿನಿಂದ ಸುತ್ತಿ ತನ್ನ ಕಡೆಗೆ ಬಂದ. ಗಾಣವನ್ನು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಒಣಗಿಸಿ ಮತ್ತೆ ಜೋಡಿಸಿದ. ಹುರಿದ ಬೀಜದ ಎಣ್ಣೆಯನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಅಂಚೆಯಣ್ಣ, ತಲೆಗೆ ಹಚ್ಚಿ ಹಸಿದದ್ದು ಸಾಕು, ಇನ್ನು ಹೊಟ್ಟೆಗೇ ಹಾಕುತ್ತೇನೆಂದು ಸೀಸೆಯನ್ನು ಮನೆಗೆ ಒಯ್ದ. ಹೆಂಡತಿಗೂ ಕೊಡುವುದನ್ನು ಮರೆಯಬೇಡವೆಂದು ಮೇಡಂ ಹೇಳಿ ಕಳಿಸಿದಳು. ನಾಯಿಗಳೂ ಅವನ ಹಿಂದೆಯೇ ಹೋದವು.

ಬಿಸಿಲು ಇಳಿಯುತ್ತಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ಬೋಗುಣಿಯನ್ನು ಕಿಂಡಿಯಲ್ಲಿಟ್ಟ. ಬಾಚಣಿಗೆ ಎತ್ತಿಕೊಂಡ, ಒಂದು ಗಳಿಗೆ ತಡೆದ, ಟಣ್ ಎಂದು ಬಡಿದ.

ಆಚೆ ಮಗಳು ಬಂದು ಎದುರು ನಿಂತಳು. ಅವಳ ಕೈ ಅವಳ ಬಲಕ್ಕೆ, ಅವನ ಎಡಕ್ಕೆ ಹೋಯಿತು. ಒಂದು ಬಾದಾಮಿ ತೆಗೆದು ಅರ್ಧ ಕಚ್ಚಿ, ಕಣ್ಣು ಕಿರಿದು ಮಾಡಿ ಅಗಿದಳು. ಹುಬ್ಬು ಗಂಟಿಕ್ಕಲಿಲ್ಲ. "ಇನ್ನೂ ಕಮಟು ಹಿಡಿದಿಲ್ಲ, ಸದ್ಯ" ಎಂದು ಬೋಗುಣಿ ತುಂಬಿ, ಉಳಿದರ್ಧವನ್ನು ರಾಶಿಯ ಮೇಲಿಟ್ಟು ಈಚೆಗೆ ತಳ್ಳಿದಳು.

"ಗಾಣಕ್ಕಲ್ಲ" ಎಂದಳು.

"ಗೊತ್ತು."

"ಸುಮ್ನೆ ತಿನ್ನಬೇಡ. ಅಮ್ಮ ಹೇಳಿದ್ದು ಸರಿ ಅಂತ ಒಪ್ಕೊಂಡು ತಿನ್ನು."

"ಅರ್ಧ ಒಪ್ಕೊಂಡೆ" ಎಂದ ಮಾವ. "ಇರೋದೂ ಅರ್ಧ ಬೀಜ ತಾನೇ."

ಅವಳು ನಗುತ್ತಾ ಬೀಜ ಆರಿಸಲು ಕೂತಳು. ಮಾವ ಆ ಅರ್ಧವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಆಮೇಲೆ ಕಿಂಡಿಗೆ ಬೆನ್ನು ಮಾಡಿ, ಎಂದಿನ ಜಾಗದಲ್ಲಿ ನಿಂತು, ಕನ್ನಡಿಯ ಕಡೆಗೆ ಮುಖವೆತ್ತಿದ. ಗಾಜಿನಲ್ಲಿ ಅವನ ಮುಖ, ಅದರ ಹಿಂದೆ ಚೌಕಾಕಾರದ ಕಿಂಡಿಯ ಬೆಳಕು. ಅವನು ಕೈಮುಗಿದು ಕಣ್ಣು ಮುಚ್ಚಿದ.

"ಭಗವಂತ, ಒಳ್ಳೆಯದನ್ನ ಕೊಡೋ ಮುಂಚೆ ತಾನು ರುಚಿ ನೋಡಿ ಕೊಟ್ಟವಳು ಅವಳು. ನಾನು ಟಣ್ ಅಂದಾಗಲೆಲ್ಲ ಎದ್ದು ಬಂದು ನಿಂತವಳು, ಈಗ ಅವಳನ್ನ ನಿನ್ನ ಸನ್ನಿಧಿಯಲ್ಲಿ ಕೂರಿಸು. ನನ್ನ ಕಡೆ ನೋಡಿ ನೋಡಿ ದಣಿದ ಕಣ್ಣು ಅವು, ಇನ್ನು ನಿನ್ನನ್ನ ನೋಡಿಕೊಂಡು ತಣ್ಣಗಿರಲಿ. ನನ್ನ ಮುಖ ಇವತ್ತು ಊದಿಲ್ಲ ಅಂತ ಅವಳಿಗೆ ತಿಳಿಸು. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ."